ಹೂಂಸಾರ್ ಕಪ್ಪು ಬಿಯರಿಗೆ ಅಂಕ ಕೊಟ್ಟದ್ದು

ನೀರು ಸರಬರಾಜು ಕಚೇರಿಯ ಹಿರಿಯ ಗುಮಾಸ್ತರಿಗೆ ಹುಟ್ಟಿದಾಗ ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿತ್ತು, ಜನರ ಬಾಯಲ್ಲಿರಲಿಲ್ಲ. ಕಚೇರಿಯವರು, ಕಾಲೊನಿಯವರು, ಕೊನೆಗೆ ಹಾಲು ಹಾಕುವವನೂ ಅವರನ್ನು ಕರೆಯುತ್ತಿದ್ದುದು ಹೂಂಸಾರ್ ಎಂದೇ. ಯಾರು ಏನು ಹೇಳಿದರೂ ಅವರ ಬಾಯಿಂದ ಬರುತ್ತಿದ್ದುದು "ಹೂಂ ಸಾರ್" ಒಂದೇ. ಒಮ್ಮೆ ಎಂಜಿನಿಯರ್ ಸಾಹೇಬರು ಸಿಟ್ಟಿನಿಂದ "ನಿಮಗೆ ಬುದ್ಧಿ ಇದೆಯೇನ್ರೀ?" ಎಂದು ಕೇಳಿದರು. "ಹೂಂ ಸಾರ್" ಎಂದರು. "ಇಲ್ಲ, ಅಲ್ವಾ?" ಎಂದು ಕೇಳಿದರು. ಅದಕ್ಕೂ "ಹೂಂ ಸಾರ್" ಎಂದರು. ಇಂಥವರಿಂದ ಕಚೇರಿಗೆ ಯಾವ ತೊಂದರೆಯೂ ಇಲ್ಲ. ತೊಂದರೆ ಏನಿದ್ದರೂ ಊರಿಗೆ.

ಅವರ ಕಾಲೊನಿಯ ಪಕ್ಕದಲ್ಲಿ ಮುಚ್ಚಿಹೋಗಿದ್ದ ಸೋಪಿನ ಕಾರ್ಖಾನೆಯೊಳಗೆ ಒಂದು ಬಿಯರ್ ಮನೆ ಶುರುವಾಯಿತು. ಅಂಗಡಿಯಲ್ಲಿ ಬಾಟಲಿಯಲ್ಲಿ ಸಿಗುವ ಬಿಯರ್ ಅಲ್ಲ, ಅಲ್ಲೇ ದೊಡ್ಡ ಹಂಡೆಗಳಲ್ಲಿ ಕುದಿಸಿ, ಅಲ್ಲೇ ಹುಳಿ ಬರಿಸಿ, ಅಲ್ಲೇ ಲೋಟಕ್ಕೆ ಬಗ್ಗಿಸುವ ಕ್ರಾಫ್ಟ್ ಬಿಯರ್. ಮಾಲೀಕ ಗಡ್ಡಕ್ಕೆ ರಬ್ಬರ್ ಬ್ಯಾಂಡ್ ಹಾಕಿಕೊಂಡವನು. ಬಿಯರ್ ಮಾಡಬೇಕಾದರೆ ಒಳ್ಳೆಯ ನೀರು ಬೇಕು. ಕಾಲೊನಿಗೆಂದು ಮಂಜೂರಾಗಿದ್ದ ಹೊಸ ಪೈಪು ಎಂಜಿನಿಯರ್ ಸಾಹೇಬರ ಸಹಿಯ ಬಲದಿಂದ ರಸ್ತೆಯ ಮಧ್ಯದಲ್ಲಿ ಮನಸ್ಸು ಬದಲಾಯಿಸಿ ಸೋಪಿನ ಕಾರ್ಖಾನೆಯ ಕಡೆ ತಿರುಗಿತು. ಆ ಕಡತ ಹೂಂಸಾರ್ ಅವರ ಮೇಜಿನ ಮೇಲಿಂದಲೇ ಹೋಗಿತ್ತು. "ಇಲ್ಲಿ ಕಾಲೊನಿ ಅಂತಿದೆಯಲ್ಲ, ಅದನ್ನ ಕಾರ್ಖಾನೆ ಅಂತ ಮಾಡಿಬಿಡಿ" ಎಂದು ಸಾಹೇಬರು ಹೇಳಿದಾಗ ಅವರು ಏನೆಂದರೆಂದು ಬೇರೆ ಹೇಳಬೇಕಾಗಿಲ್ಲ.

ಬಿಯರ್ ಮನೆಯ ಉದ್ಘಾಟನೆಗೆ ಕಚೇರಿಯವರಿಗೆಲ್ಲ ಕರೆ ಬಂತು. ಹೂಂಸಾರ್ ಅವರಿಗೆ ಬಿಯರ್ ಅಭ್ಯಾಸವಿಲ್ಲ. ಅಂದು ಅವರಿಗೆ ಹಲ್ಲುನೋವು ಬೇರೆ. ಎಡಗಡೆಯ ದವಡೆ ಬನ್ನಿನಂತೆ ಊದಿಕೊಂಡಿತ್ತು, ಅತ್ತೆ ಕೊಟ್ಟ ಲವಂಗ ಹಲ್ಲಿನ ಸಂದಿಯಲ್ಲಿ ಕೂತಿತ್ತು. ಮನೆಗೆಂದು ಬರುವ ದಾರಿಯಲ್ಲೇ ಕೊಂಡ ಬಾಳೆಹಣ್ಣಿನ ಚೀಲ ತೊಡೆಯ ಮೇಲಿತ್ತು. ಇಡಲು ಬೇರೆ ಜಾಗವಿರಲಿಲ್ಲ, ಸಾಹೇಬರ ಪಕ್ಕದಲ್ಲೇ ಕೂರಿಸಿದ್ದರು.

ಮಾಲೀಕ ಎಲ್ಲರ ಮುಂದೆಯೂ ಎತ್ತರದ ಗಾಜಿನ ಲೋಟ ಇಟ್ಟ. ಒಳಗೆ ಕಡುಕಂದು ದ್ರವ, ಮೇಲೆ ನಾಲ್ಕು ಬೆರಳು ದಪ್ಪ ನೊರೆ. "ಕಪ್ಪು ಗೋಧಿ ಬಿಯರ್. ನಮ್ಮ ಮನೆಯ ಹೆಮ್ಮೆ" ಎಂದ. ಸಾಹೇಬರು ಕುಡಿದು "ಚೆನ್ನಾಗಿದೆ, ಕಹಿಯಾಗಿದೆ" ಎಂದರು. ಮಾಲೀಕನ ಮುಖ ಇಳಿಯಿತು. ಆತ ಎದುರಿನ ಕುರ್ಚಿಯಲ್ಲಿ ಕೂತು ಹೂಂಸಾರ್ ಕಡೆ ತಿರುಗಿದ. ಅವರು ಆಗಷ್ಟೇ ಲೋಟ ಎತ್ತಿ ನೊರೆಯನ್ನು ಮೀಸೆಗೆ ಮುಟ್ಟಿಸಿದ್ದರು.

"ನಿಮಗೆ ಬಾಯಲ್ಲಿ ಏನು ಗೊತ್ತಾಗ್ತಿದೆ ಸಾರ್?"

ತಮ್ಮ ಊದಿದ ಕೆನ್ನೆ ನೋಡಿ ವಿಚಾರಿಸುತ್ತಿದ್ದಾನೆ, ಪಾಪ, ಒಳ್ಳೆಯ ಮನುಷ್ಯ ಎಂದುಕೊಂಡು ಹೂಂಸಾರ್ ಹೇಳಿದರು: "ಲವಂಗ ಸಾರ್."

ಮಾಲೀಕ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತ. "ಮತ್ತೆ?" ಎನ್ನುವಾಗ ಅವನ ಕಣ್ಣು ಕೆಳಗಿಳಿದಿತ್ತು. ಚೀಲದಲ್ಲೇನಿದೆ ಎಂದು ಕೇಳುತ್ತಿದ್ದಾನೆಂದು ಇವರು ತಿಳಿದರು.

"ಬಾಳೆಹಣ್ಣು ಸಾರ್. ಸ್ವಲ್ಪ ಜಾಸ್ತಿನೇ ಹಣ್ಣಾಗಿದೆ."

ಮಾಲೀಕ ಮೇಜು ಸುತ್ತಿಕೊಂಡು ಬಂದು ಅವರನ್ನು ಅಪ್ಪಿಕೊಂಡ. ನೋಯುತ್ತಿದ್ದ ದವಡೆಗೆ ಅವನ ಭುಜ ತಾಗಿ ಹೂಂಸಾರ್ ಕಣ್ಣಲ್ಲಿ ನೀರು ಬಂತು. ಅದನ್ನು ಜನ ಆನಂದಬಾಷ್ಪ ಎಂದು ತಿಳಿದರು. "ನಾನು ಬಾಳೆಹಣ್ಣೂ ಹಾಕಿಲ್ಲ, ಲವಂಗಾನೂ ಹಾಕಿಲ್ಲ ಸಾರ್! ಈ ಬಿಯರ್ ಹುಳಿ ಬರೋವಾಗ ಯೀಸ್ಟ್ ತಾನೇ ಆ ಘಮ ಬಿಡುತ್ತೆ. ಇದನ್ನ ಹಿಡಿಯೋಕೆ ಜನ ವರ್ಷಗಟ್ಟಲೆ ಕಲೀತಾರೆ. ನೀವು ಮೂಸಿ ನೋಡಿದ ಕೂಡಲೇ ಹಿಡಿದುಬಿಟ್ರಲ್ಲ! ಎಲ್ಲಿ ಕಲಿತ್ರಿ? ಹುಟ್ಟಿನಿಂದಲೇ ಬಂದದ್ದಾ?"

ನಿಜ ಹೇಳಲು ಅದೇ ಸಮಯ. ಆದರೆ ಬಾಯಿ ರೂಢಿಯಂತೆ ನಡೆದುಕೊಂಡಿತು. "ಹೂಂ ಸಾರ್."

"ಹತ್ತಕ್ಕೆ ಎಷ್ಟು ಅಂಕ ಕೊಡ್ತೀರಿ?"

ಗುಮಾಸ್ತರಾಗಿ ಕೂದಲು ಬೆಳ್ಳಗೆ ಮಾಡಿಕೊಂಡವರು ಅವರು. ಪೂರ್ತಿ ಹತ್ತು ಕೊಟ್ಟರೆ ಲೆಕ್ಕಪರಿಶೋಧಕರು ಯಾಕೆಂದು ಕೇಳುತ್ತಾರೆ, ಎಂಟು ಕೊಟ್ಟರೆ ಕರೆದವರಿಗೆ ಬೇಸರ. "ಒಂಬತ್ತು" ಎಂದರು. ಚಪ್ಪಾಳೆ ಬಿತ್ತು. ಎಂಜಿನಿಯರ್ ಸಾಹೇಬರು ಅದೇ ಗಳಿಗೆಯಲ್ಲಿ "ನಮ್ಮ ಹುಡುಗ್ರು ಹೀಗೇನೇ. ನಾನೇ ತಯಾರು ಮಾಡಿದ್ದು" ಎಂದರು.

ಮರುದಿನ ಪತ್ರಿಕೆಯಲ್ಲಿ ಫೋಟೋ ಬಂತು. 'ಗೋಧಿ ಬಿಯರಿನ ಗುಟ್ಟು ಹಿಡಿದ ಅಪರೂಪದ ನಾಲಿಗೆ.' ಫೋಟೋದಲ್ಲಿ ಊದಿದ ಕೆನ್ನೆಯನ್ನು ಜನ ಬಿಯರಿನ ಗುಟುಕು ಎಂದುಕೊಂಡರು. ಹೆಂಡತಿ ಪತ್ರಿಕೆಯನ್ನು ಎರಡು ಸಲ ಓದಿ ಮಡಿಚಿಟ್ಟಳು.

"ಅಲ್ಲಾರೀ, ಯಾವತ್ತಿಂದ ಕುಡಿಯೋಕೆ ಶುರು ಮಾಡಿದ್ರಿ?"

"ಕುಡಿದಿಲ್ಲ ಕಣೇ. ರುಚಿ ನೋಡಿದ್ದು."

"ಹೋದ ವಾರ ಕಾಫಿ ಅಂತ ಅಮ್ಮನ ಕಷಾಯ ಕುಡಿದು ಲೋಟ ತೊಳೆದಿಟ್ಟೋರು ನೀವು. ನಿಮಗೆ ರುಚಿ?"

ಮನೆಯಲ್ಲೇ ಇದ್ದ ಅತ್ತೆ ಮಾತ್ರ ಅಳಿಯನ ಪರ ನಿಂತರು. "ಗೋಧಿಯಿಂದ ಮಾಡಿದ್ದಂತೆ ಕಣೇ. ಗೋಧಿ ಮೈಗೆ ಒಳ್ಳೇದು. ಅಳಿಯಂದ್ರೇ, ನೀವು ಸಂಕೋಚ ಪಟ್ಕೋಬೇಡಿ."

ಸಂಕೋಚ ಎರಡೇ ದಿನಕ್ಕೆ ಹೋಯಿತು. ಮೇಲಿನ ಮನೆಯ ನಿವೃತ್ತ ಹೆಡ್‌ಮೇಷ್ಟ್ರು ಟೀ ಪುಡಿಯ ಪೊಟ್ಟಣ ಹಿಡಿದುಕೊಂಡು ಬಂದರು. "ಅಂಗಡಿಯವನು ಮೊದಲನೇ ದರ್ಜೆ ಅಂದ. ನೀವೊಂದು ಮಾತು ಹೇಳಿ." ಹೂಂಸಾರ್ ಮೂಸಿ, ಕಣ್ಣು ಮುಚ್ಚಿ, "ಒಂಬತ್ತು" ಎಂದರು. ಎದುರು ಮನೆಯ ಟೈಲರಮ್ಮ ಜೇನುತುಪ್ಪ ತಂದರು. ಒಂಬತ್ತು. ಯಾರೋ ಮಗಳಿಗೆ ನೋಡಿದ ಗಂಡಿನ ಫೋಟೋ ತಂದು "ಹೇಗಿದ್ದಾನೆ?" ಎಂದರು. ಅದಕ್ಕೂ ಒಂಬತ್ತು. ಮದುವೆ ಗೊತ್ತಾಯಿತು.

ಇಷ್ಟಾದ ಮೇಲೆ ಹೂಂಸಾರ್ ಅವರಿಗೆ ತಮ್ಮ ನಾಲಿಗೆಯ ಮೇಲೆ ತಮಗೇ ಗೌರವ ಹುಟ್ಟಿತು. ಬೆಳಗಿನ ಹಾಲನ್ನು ಲೋಟದಲ್ಲಿ ಗಿರ್ರನೆ ತಿರುಗಿಸಿ, ಕಿಟಕಿಯ ಬೆಳಕಿಗೆ ಹಿಡಿದು, "ಮೊದಲು ಬಣ್ಣ, ಆಮೇಲೆ ಘಮ, ಆಮೇಲೆ ಗುಟುಕು" ಎಂದು ಪಾಠ ಹೇಳತೊಡಗಿದರು. ಮೂಗಿಗೆ ತಣ್ಣೀರು ತಾಗಿದರೆ ಸೂಕ್ಷ್ಮತೆ ಕೆಡುತ್ತದೆಂದು ಸ್ನಾನದಲ್ಲಿ ಮೂಗು ಹಿಡಿದುಕೊಳ್ಳುತ್ತಿದ್ದರು. ಒಂದು ದಿನ ಹೆಂಡತಿ ಪಲ್ಯಕ್ಕೆ ಉಪ್ಪು ಹಾಕದೆ ಬಡಿಸಿದಳು. ಅವರು ಒಂದೊಂದೇ ತುತ್ತು ಅಗಿದು, "ಸಮತೋಲನ ಚೆನ್ನಾಗಿದೆ. ಒಂಬತ್ತು" ಎಂದರು.

"ಉಪ್ಪೇ ಹಾಕಿಲ್ಲ" ಎಂದಳು ಹೆಂಡತಿ.

"ಅದನ್ನೇ ನಾನು ಸಮತೋಲನ ಅಂದದ್ದು."

ಅತ್ತೆ ಮಗಳ ತೋಳು ಹಿಡಿದು ಪಿಸುಗುಟ್ಟಿದರು: "ಇಂಥ ಅಳಿಯ ಸಿಗೋಕೆ ಪುಣ್ಯ ಮಾಡಿರ್ಬೇಕು ಕಣೇ. ಏನು ಹಾಕಿದ್ರೂ ತಿಂತಾರೆ."

ಅಷ್ಟರಲ್ಲಿ ಕಾಲೊನಿಯ ನಲ್ಲಿಗಳಲ್ಲಿ ಬೇರೆಯೇ ಒಂದು ಕಪ್ಪು ದ್ರವ ಬರತೊಡಗಿತು.

ಹೊಸ ಪೈಪು ಹೂಳುವಾಗ ಅಗೆಯುವ ಯಂತ್ರದ ಹಲ್ಲು ಪಕ್ಕದಲ್ಲಿದ್ದ ಕಾಲೊನಿಯ ಹಳೆಯ ಪೈಪಿಗೆ ತಾಗಿತ್ತು. ತುಕ್ಕು ಹಿಡಿದಿದ್ದ ಪೈಪು ಅಲ್ಲಲ್ಲಿ ಬಾಯಿ ಬಿಟ್ಟಿತು, ಮಣ್ಣು ಒಳಗೆ ನುಗ್ಗಿತು. ಟೈಲರಮ್ಮ ಶಾಲೆಯೊಂದಕ್ಕೆ ಹೊಲಿದ ಬಿಳಿ ಸಮವಸ್ತ್ರಗಳನ್ನು ಒಗೆದು ಹಾಕಿದರೆ ಎಲ್ಲ ಟೀ ಬಣ್ಣಕ್ಕೆ ತಿರುಗಿದವು. ಹೆಡ್‌ಮೇಷ್ಟ್ರ ಬೆಳ್ಳಿಗೂದಲು ಎರಡೇ ಸ್ನಾನಕ್ಕೆ ಕಂದಾಯಿತು, ಈ ವಯಸ್ಸಿನಲ್ಲಿ ಬಣ್ಣ ಹಚ್ಚಿಕೊಂಡಿದ್ದಾರೆಂದು ಜನ ಅವರನ್ನು ನೋಡಿ ಮುಸಿಮುಸಿ ನಕ್ಕರು. ನಗು ಹೆಚ್ಚು ದಿನ ಉಳಿಯಲಿಲ್ಲ. ಮಕ್ಕಳಿಗೆ ವಾಂತಿ ಶುರುವಾಯಿತು. ಡಾಕ್ಟರ ಬಾಗಿಲಲ್ಲಿದ್ದ ಬೆಂಚಿನ ತುಂಬ ಕಾಲೊನಿಯವರೇ ಕೂತಿರುತ್ತಿದ್ದರು.

ಎಲ್ಲರೂ ಬಂದು ಬಡಿದದ್ದು ಹೂಂಸಾರ್ ಮನೆಯ ಬಾಗಿಲನ್ನು. "ನೀರಿನ ಆಫೀಸಲ್ಲಿ ಇರೋರು ನೀವು. ಕೇಳಿ!"

ಅವರು ಕೇಳಿದರು. ಎಂಜಿನಿಯರ್ ಸಾಹೇಬರು ಕಡತದಿಂದ ತಲೆಯೆತ್ತದೆ, "ಹಳೇ ಪೈಪಲ್ವೇನ್ರೀ, ಸ್ವಲ್ಪ ಬಣ್ಣ ಬರುತ್ತೆ. ಕುದಿಸಿ ಕುಡೀಲಿ" ಎಂದರು.

"ಕುದಿಸಿದ್ರೆ ಇನ್ನೂ ಗಟ್ಟಿಯಾಗುತ್ತಂತೆ ಸಾರ್."

"ಒಳ್ಳೇದಾಯ್ತಲ್ಲ. ಮಣ್ಣಲ್ಲಿ ಖನಿಜ ಇರುತ್ತೆ. ಹೋಗಿ ಹಾಗಂತ ಹೇಳಿ."

"ಹೂಂ ಸಾರ್."

ಅವರು ಬಂದು ಹಾಗೆಯೇ ಹೇಳಿದರು. ಟೈಲರಮ್ಮ ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟು ಮಾತಾಡಿದ್ದು ಅವರ ದೊಡ್ಡತನ.

ಅದೇ ವಾರ ಬಿಯರ್ ಮನೆಯಲ್ಲಿ ಕಪ್ಪು ಗೋಧಿ ಬಿಯರುಗಳ ಸ್ಪರ್ಧೆ ಏರ್ಪಾಡಾಯಿತು. ಬೇರೆ ಬೇರೆ ಕಡೆಯಿಂದ ಬಿಯರ್ ಮಾಡುವವರು ತಮ್ಮ ತಮ್ಮ ಪೀಪಾಯಿ ತಂದಿದ್ದರು. ಮುಖ್ಯ ತೀರ್ಪುಗಾರರು ಹೂಂಸಾರ್, ಮುಖ್ಯ ಅತಿಥಿ ಎಂಜಿನಿಯರ್ ಸಾಹೇಬರು. ಒಂದೇ ಮೇಜು, ಒಂದೇ ಬಗೆಯ ಲೋಟಗಳ ಸಾಲು. ಯಾವುದು ಯಾರದೆಂದು ಬರೆದಿರಲಿಲ್ಲ, ತೀರ್ಪು ನಿಷ್ಪಕ್ಷಪಾತವಾಗಿರಬೇಕಲ್ಲ.

ಸ್ಪರ್ಧೆ ನಡುವಿಗೆ ಬಂದಾಗ ಬಾಗಿಲಲ್ಲಿ ಗಲಾಟೆ ಕೇಳಿಸಿತು. ಕಾಲೊನಿಯ ಹೆಂಗಸರು ತಂಬಿಗೆ ಹಿಡಿದು ಬಂದಿದ್ದರು, ಮುಂದೆ ಹೂಂಸಾರ್ ಹೆಂಡತಿ. ಅವಳು ನೇರವಾಗಿ ಮೇಜಿನ ಹತ್ತಿರ ಬಂದು, ಅಲ್ಲಿದ್ದ ಖಾಲಿ ಲೋಟಕ್ಕೆ ತಂಬಿಗೆಯ ನೀರು ಸುರಿದು ಸಾಹೇಬರ ಮುಂದಿಟ್ಟಳು. "ನೋಡಿ ಸಾರ್, ನಮ್ಮ ಮಕ್ಕಳು ಕುಡೀತಿರೋದು ಇದನ್ನ."

ತೀರ್ಪುಗಾರರು ಆಗ ಕಣ್ಣು ಮುಚ್ಚಿ ಹಿಂದಿನ ಬಿಯರಿನ ಕೊನೆಯ ರುಚಿಯಲ್ಲಿ ಮುಳುಗಿದ್ದರು, ಅವರಿಗೆ ಇದಾವುದೂ ಗೊತ್ತಾಗಲಿಲ್ಲ. ಪತ್ರಿಕೆಯವರ ಕ್ಯಾಮೆರಾ ಈ ಕಡೆ ತಿರುಗುವುದನ್ನು ಕಂಡ ಸಾಹೇಬರು "ನೋಡೋಣಮ್ಮ, ನೋಡೋಣ" ಎನ್ನುತ್ತ ಆ ಲೋಟವನ್ನು ಮೊಣಕೈಯಿಂದ ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ದೂರುಗಳನ್ನು ಪಕ್ಕಕ್ಕೆ ಸರಿಸುವುದರಲ್ಲಿ ಪಳಗಿದ ಕೈ ಅದು. ಲೋಟ ಸರಿಯುತ್ತ ಹೋಗಿ ಸ್ಪರ್ಧೆಯ ಸಾಲಿನಲ್ಲಿ ನಿಂತಿತು.

ಹೂಂಸಾರ್ ಕಣ್ಣು ಬಿಟ್ಟು ಅದನ್ನೇ ಎತ್ತಿದರು. ಬೆಳಕಿಗೆ ಹಿಡಿದರು. ಮೈಕು ಅವರ ಮೂಗಿನ ಹತ್ತಿರ ಬಂತು.

"ಬಣ್ಣ ಗಾಢವಾಗಿದೆ. ಆಚೆ ಕಡೆ ಏನೂ ಕಾಣಲ್ಲ. ಗೋಧಿ ಬಿಯರಿಗೆ ಮಸುಕೇ ಭೂಷಣ. ತಳದಲ್ಲಿ ಯೀಸ್ಟ್ ಚೆನ್ನಾಗಿ ಕೂತಿದೆ. ನೊರೆ ಮಾತ್ರ ಕಡಿಮೆ, ಇದು ವಿನಯವಂತ ಬಿಯರ್." ಗಿರ್ರನೆ ತಿರುಗಿಸಿ ಮೂಗು ಇಳಿಬಿಟ್ಟರು. "ಆಹಾ! ಆಗತಾನೇ ಅಗೆದ ನೆಲದ ಘಮ. ಅದರ ಹಿಂದೆ ಹಳೇ ಕಬ್ಬಿಣ. ಇಂಥ ಧೈರ್ಯ ಈವರೆಗೆ ಯಾರೂ ಮಾಡಿರಲಿಲ್ಲ." ದೊಡ್ಡದೊಂದು ಗುಟುಕು ಹಾಕಿದರು. "ನಾಲಿಗೆಗೆ ತರಿತರಿ ಹತ್ತುತ್ತೆ. ರುಚಿ ಇಳಿದು ಹೋಗಲ್ಲ, ಗಂಟಲಲ್ಲೇ ನಿಲ್ಲುತ್ತೆ. ಇಷ್ಟು ದಿನ ನಾನು ಒಂಬತ್ತು ದಾಟಿರಲಿಲ್ಲ. ಇವತ್ತು ದಾಟ್ತೀನಿ. ಒಂಬತ್ತೂವರೆ!"

ಚಪ್ಪಾಳೆಯೋ ಚಪ್ಪಾಳೆ. ಬಿಯರ್ ಮಾಡುವವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾಲೀಕ ಮೈಕು ಕಿತ್ತುಕೊಂಡು "ಇದು ಯಾರದು? ದಯವಿಟ್ಟು ಮುಂದೆ ಬನ್ನಿ" ಎಂದ.

"ನಮ್ಮ ಅಡುಗೆಮನೆ ನಲ್ಲಿದು" ಎಂದಳು ಹೆಂಡತಿ.

ಸಭೆ ಬಿದ್ದು ಬಿದ್ದು ನಕ್ಕಿತು. ಹೂಂಸಾರ್ ಇಂಗು ತಿಂದ ಮಂಗನಂತೆ ನಿಂತರು. ಅಲ್ಲಿಗೇ ಮುಗಿದಿದ್ದರೆ ಒಬ್ಬರ ಮಾನ ಹೋಗಿ ಮುಗಿಯುತ್ತಿತ್ತು. ಆದರೆ ಎಂಜಿನಿಯರ್ ಸಾಹೇಬರ ತಲೆ ಸಾಮಾನ್ಯದ್ದಲ್ಲ. ಅವರು ಎದ್ದು ಕೈಯೆತ್ತಿದರು.

"ನಗಬೇಡಿ! ಹೆಸರಾಂತ ಪರಿಣತರು, ಲೋಟದಲ್ಲಿ ಏನಿದೆ ಅಂತ ತಿಳೀದೇ, ಯಾವ ಪಕ್ಷಪಾತಾನೂ ಇಲ್ಲದೇ, ನಮ್ಮ ಇಲಾಖೆ ನೀರಿಗೆ ಒಂಬತ್ತೂವರೆ ಅಂಕ ಕೊಟ್ಟಿದ್ದಾರೆ. ಇನ್ನೂ ದೂರು ಇದೆಯೇನಮ್ಮ?"

ಮರುದಿನವೇ ಕಾಲೊನಿಯ ದೂರುಗಳಿಗೆಲ್ಲ 'ಪರಿಣತರಿಂದ ಪರಿಶೀಲಿಸಲಾಗಿದೆ, ನೀರು ಅತ್ಯುತ್ತಮ' ಎಂದು ಉತ್ತರ ಹೋಯಿತು. ಉತ್ತರ ಬರೆಯುವ ಗುಮಾಸ್ತರೂ ಹೂಂಸಾರೇ ಆಗಿದ್ದರಿಂದ ಪರಿಣತರ ಅಭಿಪ್ರಾಯ ಪಡೆಯಲು ತಡವಾಗಲಿಲ್ಲ. ಸಾಹೇಬರು ಅಷ್ಟಕ್ಕೆ ತೃಪ್ತರಾಗದೆ ಪತ್ರಿಕೆಯ ತುಣುಕು ಅಂಟಿಸಿ ಮುಖ್ಯ ಕಚೇರಿಗೂ ವರದಿ ಕಳಿಸಿದರು. ಉತ್ತಮ ಸೇವೆಗೆ ಕೊಡುವ ಪದಕದ ಮೇಲೆ ಅವರಿಗೆ ಬಹಳ ದಿನದಿಂದ ಕಣ್ಣಿತ್ತು.

ಇತ್ತ ಕಾಲೊನಿಯಲ್ಲಿ ಹೂಂಸಾರ್ ಜೊತೆ ಮಾತಾಡುವವರು ಇಲ್ಲವಾದರು. ಹೆಡ್‌ಮೇಷ್ಟ್ರು ಮೆಟ್ಟಿಲಲ್ಲಿ ಎದುರಾದರೆ ಗೋಡೆಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದರು. ಟೈಲರಮ್ಮ ಅವರ ಪ್ಯಾಂಟನ್ನು ಹೊಲಿಯದೆ ವಾಪಸು ಕಳಿಸಿದರು. ಹೆಂಡತಿ ಮನೆಮಂದಿಗೆಲ್ಲ ದೂರದ ಬಾವಿಯಿಂದ ನೀರು ಹೊತ್ತು ತಂದಳು, ಗಂಡನ ತಟ್ಟೆಯ ಪಕ್ಕಕ್ಕೆ ಮಾತ್ರ ನಲ್ಲಿಯ ನೀರು ಇಟ್ಟಳು. "ಒಂಬತ್ತೂವರೆ ಅಂಕದ್ದು. ಚೆಲ್ಲಬೇಡಿ."

ಅವರು ಚೆಲ್ಲಲಿಲ್ಲ. ಹೊಟ್ಟೆ ಬಿಯರಿನ ಹಂಡೆಯಂತೆ ಗುಡುಗುಟ್ಟತೊಡಗಿತು. ಡಾಕ್ಟರ ಬೆಂಚಿನಲ್ಲಿ ಅವರು ಹೋಗಿ ಕೂತರೆ ಕಾಲೊನಿಯವರು ಎದ್ದು ನಿಂತುಕೊಂಡೇ ಕಾಯುತ್ತಿದ್ದರು. ಒಂದು ಸಂಜೆ ಆ ಬೆಂಚಿನಲ್ಲಿ ಕೂತವರಿಗೆ ಪಕ್ಕದಲ್ಲಿ ಬಾಡಿದ ಸೊಪ್ಪಿನಂತೆ ತಾಯಿಯ ಹೆಗಲಿಗೆ ಒರಗಿದ್ದ ಮಗು ಕಂಡಿತು. ತಾಯಿ ಏನೂ ಬೈಯಲಿಲ್ಲ, "ನಿಮಗೂ ಆಯ್ತಾ ಸಾರ್?" ಎಂದಳು, ಅಷ್ಟೆ. ಅಂದು ಅವರು ಔಷಧ ತೆಗೆದುಕೊಳ್ಳುವುದನ್ನೂ ಮರೆತು ಮನೆಗೆ ಬಂದರು.

ವರದಿಯನ್ನು ಓದಿದ ಮುಖ್ಯ ಕಚೇರಿಯ ಮೇಡಂ ಈ ಅದ್ಭುತ ನೀರನ್ನು ತಾವೇ ನೋಡುವುದಾಗಿ ತಿಳಿಸಿದರು. ಎಂಜಿನಿಯರ್ ಸಾಹೇಬರು ಹೂಂಸಾರ್ ಮನೆಗೇ ಬಂದರು. "ನೋಡ್ರೀ, ನಾಳೆ ನಲ್ಲಿ ಹತ್ತಿರ ಮೇಡಂ ಮುಂದೆ ಒಂದು ಲೋಟ ಕುಡಿದು, ಅವತ್ತು ಹೇಳಿದಂಗೇ ಹೇಳಿಬಿಡಿ. ನಿಮ್ಮ ಬಡ್ತಿ ನನ್ನ ಜವಾಬ್ದಾರಿ."

ಸಾಹೇಬರು ಹೋದ ಮೇಲೆ ಹೆಂಡತಿ ಹೇಳಿದಳು: "ನಾಳೆ ನೀವು ಹೂಂ ಅಂದ್ರೆ ನಾನು ತವರಿಗೆ ಹೋಗ್ತೀನಿ."

"ನಿಮ್ಮಮ್ಮ ಇಲ್ಲೇ ಇದ್ದಾರಲ್ಲ?"

"ಹಾಗಾದ್ರೆ ನೀವು ಹೋಗಿ."

ಮರುದಿನ ಕಾಲೊನಿಯ ಬಾಗಿಲ ನಲ್ಲಿಯ ಸುತ್ತ ಜನ ಸೇರಿದ್ದರು. ಮೇಡಂ ಜೀಪಿನಿಂದ ಇಳಿದು, ಸಾಹೇಬರು ಚಾಚಿದ ಹೂಗುಚ್ಛವನ್ನು ಡ್ರೈವರ್ ಕೈಗೆ ಕೊಟ್ಟು, "ನೀರು ತೋರ್ಸಿ" ಎಂದರು. ನಲ್ಲಿ ಕೆಮ್ಮಿತು, ಉಗುಳಿತು, ಆಮೇಲೆ ಕಂದು ನೀರು ಬಿಟ್ಟಿತು. ಲೋಟ ಹೂಂಸಾರ್ ಕೈಗೆ ಬಂತು.

ಸಾಹೇಬರು ಕಣ್ಣು ಮಿಟುಕಿಸಿದರು. "ಹೇಳಿ. ನೀರು ಅತ್ಯುತ್ತಮವಾಗಿದೆ, ಅಲ್ವಾ?"

ಹೂಂಸಾರ್ ಬಾಯಿ ತೆರೆದರು. 'ಇಲ್ಲ' ಎಂದೇ ಹೇಳಬೇಕೆಂದು ಬಂದಿದ್ದರು. ರಾತ್ರಿಯೆಲ್ಲ ಕನ್ನಡಿ ಮುಂದೆ ಅಭ್ಯಾಸ ಮಾಡಿದ್ದರು. ಆದರೆ ಆ ಶಬ್ದಕ್ಕೆ ಅವರ ಗಂಟಲಿನ ದಾರಿ ತಿಳಿದಿರಲಿಲ್ಲ. "ಹೂಂ ಸಾರ್" ಎಂದುಬಿಟ್ಟರು. ಹೆಂಗಸರ ಗುಂಪಿನಿಂದ ಹಲ್ಲು ಕಡಿದ ಸದ್ದು ಬಂತು. ಹೂಂಸಾರ್ ಲೋಟವನ್ನೊಮ್ಮೆ ನೋಡಿದರು, ಆಮೇಲೆ ಅದನ್ನು ಎರಡೂ ಕೈಯಲ್ಲಿ ಹಿಡಿದು, ತಲೆ ಬಗ್ಗಿಸಿ, ಸಾಹೇಬರ ಮುಂದೆ ಚಾಚಿದರು.

"ತುಂಬ ಚೆನ್ನಾಗಿದೆ ಸಾರ್. ಮೊದಲು ನೀವು ತಗೊಳ್ಳಿ ಸಾರ್. ನಿಮಗಿಂತ ಮುಂಚೆ ನಾನು ಹೇಗೆ ಕುಡೀಲಿ?"

"ಅಯ್ಯೋ, ನಂಗೆ ಶೀತ ಆಗಿದೆ ಕಣ್ರೀ."

"ನೀರು ಬಿಸಿಲಿಗೆ ಬೆಚ್ಚಗಾಗಿದೆ ಸಾರ್."

"ಈಗ ತಾನೇ ತಿಂಡಿ ತಿಂದು ಬಂದೆ, ಹೊಟ್ಟೆ ತುಂಬಿದೆ."

"ಜೀರ್ಣಕ್ಕೆ ಒಳ್ಳೇದು ಸಾರ್. ಖನಿಜ ಇದೆ ಅಂತ ನೀವೇ ಹೇಳಿದ್ರಲ್ಲ ಸಾರ್."

"ಕುಡೀರಿ" ಎಂದರು ಮೇಡಂ.

ಕೆಲವು ಆಜ್ಞೆಗಳು ಒಂದೇ ಶಬ್ದದಲ್ಲಿ ಮುಗಿಯುತ್ತವೆ. ಸಾಹೇಬರು ಮೇಡಂ ಮುಖ ನೋಡಿದರು, ಜನರ ಮುಖ ನೋಡಿದರು, ಲೋಟದ ತಳ ನೋಡಲು ಯತ್ನಿಸಿದರು, ತಳ ಕಾಣಲಿಲ್ಲ. "ಹೂಂ ಮೇಡಂ" ಎಂದು ಕಣ್ಣು ಮುಚ್ಚಿ ಒಂದೇ ಉಸಿರಿಗೆ ಕುಡಿದರು. ಅವರ ಮುಖ ಮೊದಲು ಕೆಂಪಾಯಿತು, ಆಮೇಲೆ ಹಸಿರಾಯಿತು, ಕೊನೆಗೆ ನೀರಿನ ಬಣ್ಣಕ್ಕೇ ಬಂತು. ಮೇಡಂ ವರದಿಯ ಮೇಲೆ ಪೆನ್ನು ಹಿಡಿದು ಕೇಳಿದರು: "ಎಷ್ಟು ಅಂಕ?"

ಕಡಿಮೆ ಹೇಳಿದರೆ ತಾವೇ ಕಳಿಸಿದ ವರದಿ ಸುಳ್ಳಾಗುತ್ತದೆ. ಸಾಹೇಬರು ಬಾಯಿಗೆ ಕರವಸ್ತ್ರ ಒತ್ತಿಕೊಂಡು "ಒಂಬತ್ತೂವರೆ" ಎಂದರು.

"ಸಂತೋಷ. ನಿಮ್ಮ ಮನೆ ನೀರು ಯಾವ ಪೈಪಿಂದ ಬರುತ್ತೆ?"

"ಹೊ... ಹೊಸದು ಮೇಡಂ. ಬಿಯರ್ ಮನೆದು."

"ಪಾಪ, ಅದಕ್ಕೆ ಯಾರೂ ಅಂಕ ಕೊಟ್ಟಿಲ್ಲ. ಇವತ್ತಿಂದ ನಿಮ್ಮ ಮನೆಗೂ, ಕಚೇರಿಗೂ ಈ ಪೈಪನ್ನೇ ಜೋಡಿಸ್ಕೊಳ್ಳಿ. ಒಂದು ತಿಂಗಳು ಬಿಟ್ಟು ಬಂದು ನಿಮ್ಮ ಮನೇಲೇ ಕಾಫಿ ಕುಡೀತೀನಿ." ಮೇಡಂ ಜೀಪು ಹತ್ತಿದರು.

ಜೀಪು ಮೂಲೆ ತಿರುಗುವ ಮೊದಲೇ ಅಗೆಯುವ ಯಂತ್ರಕ್ಕೆ ಫೋನು ಹೋಯಿತು. ತಿಂಗಳುಗಟ್ಟಲೆ ಸಿಗದಿದ್ದ ಕೆಲಸಗಾರರು, ಸಾಮಾನು, ಮಂಜೂರಾತಿ ಎಲ್ಲ ಸಂಜೆಯೊಳಗೆ ಸಿಕ್ಕಿದವು. ಸಾಹೇಬರು ತಾವೇ ಗುಂಡಿಯ ಪಕ್ಕ ನಿಂತು, ಆಗಾಗ ಮರೆಗೆ ಹೋಗಿ ವಾಂತಿ ಮಾಡಿ ಬಂದು, ಕಾಲೊನಿಗೆ ಹೊಸ ಪೈಪು ಹಾಕಿಸಿದರು. ವಾರ ಕಳೆಯುವುದರಲ್ಲಿ ಕಾಲೊನಿಯ ನಲ್ಲಿಗಳಲ್ಲಿ ಕಣ್ಣೀರಿನಷ್ಟು ತಿಳಿಯಾದ ನೀರು ಬಂತು. ಹೆಡ್‌ಮೇಷ್ಟ್ರು ಮತ್ತೆ ಬೆಳ್ಳಗಾದರು. ಟೈಲರಮ್ಮ ಪ್ಯಾಂಟು ಹೊಲಿದು ತಾವೇ ತಂದುಕೊಟ್ಟರು.

ಕಿತ್ತು ತೆಗೆದ ಹಳೆಯ ಪೈಪು ರಸ್ತೆ ಬದಿಯಲ್ಲಿ ಬಿದ್ದಿತ್ತು. ಒಂದು ಭಾನುವಾರ ಬಿಯರ್ ಮನೆಯ ಮಾಲೀಕ ಹೂಂಸಾರ್ ಮನೆಗೆ ಬಂದು ಕೈ ಜೋಡಿಸಿ ನಿಂತ.

"ಸಾರ್, ಹೇಗಾದ್ರೂ ಮಾಡಿ ಆ ಪೈಪು ನಮಗೆ ಕೊಡಿಸಿ. ಬರೋ ಗಿರಾಕಿಗಳೆಲ್ಲ ಒಂಬತ್ತೂವರೆದೇ ಬೇಕು ಅಂತಾರೆ. ನಮ್ಮ ಬಿಯರ್ ಕೊಟ್ರೆ ಇದರಲ್ಲಿ ಮಣ್ಣಿನ ಘಮ ಇಲ್ಲ, ಕಬ್ಬಿಣದ ಧೈರ್ಯ ಇಲ್ಲ ಅಂತ ಮುಖ ತಿರುಗಿಸ್ತಾರೆ. ಆ ಪೈಪಲ್ಲೇ ಹಂಡೆಗೆ ನೀರು ಹರಿಸ್ತೀನಿ ಸಾರ್."

ಹೂಂಸಾರ್ ಬಾಯಿ ತೆರೆದವರು ಮುಚ್ಚಿ, ಹೆಂಡತಿಯ ಕಡೆ ನೋಡಿದರು. ಅವಳು ನಲ್ಲಿ ತಿರುಗಿಸಿ ಮಾಲೀಕನಿಗೆ ಒಂದು ಲೋಟ ತಿಳಿನೀರು ತಂದುಕೊಟ್ಟಳು.

"ಕೊಡಿಸಿಬಿಡಿ ಕಣ್ರೀ" ಎಂದಳು. "ನಾವು ಬೇಡ ಬೇಡ ಅಂತ ಬಾಯಿ ಬಡ್ಕೊಂಡ್ರೂ ಕುಡಿಸಿದ್ರು. ಇವರು ಪಾಪ, ತಾವಾಗೇ ಕೇಳ್ಕೊಂಡು ಬಂದಿದ್ದಾರೆ."